ಬಿಳಿ ಲಾಡಿ ಕಟ್ಟಿದ ಚೀಲ

ಎನಿಡ್ ಮೊಟ್ಟೆ ಸ್ಯಾಂಡ್‌ವಿಚ್‌ಗಳ ಅಂಚು ಕತ್ತರಿಸುತ್ತಿದ್ದಳು. ಮೂರನೇ ತಟ್ಟೆ ಮುಗಿಯುವಷ್ಟರಲ್ಲಿ ಚರ್ಚ್ ಹಾಲಿನ ಅಡುಗೆಮನೆ ಬಾಗಿಲು ದಡಾರನೆ ತೆರೆಯಿತು. ಒಳಗೆ ಬಂದ ಗೆಳತಿ ಕೋರಲ್ ಬಾಗಿಲು ಹಾಕುವುದನ್ನೂ ಮರೆತು ನಿಂತಳು. ಹೊರಗಿನ ಜುಲೈ ತಿಂಗಳ ಚಳಿಗಾಳಿ ಕಾಗದದ ಕರವಸ್ತ್ರಗಳನ್ನೆಲ್ಲ ಹಾರಿಸಿತು.

"ಎನಿಡ್, ಡಲ್ಸಿ ಅಂಗಡಿ ಕಿಟಕೀಲಿ ನಿಂತಿದಾಳೆ."

"ಕೈಲಿ ಚಾಕು ಇದೆ ಕಣೇ. ಇವತ್ತೊಂದಿನ ಆದ್ರೂ ತಮಾಷೆ ಬಿಡು."

"ತಮಾಷೆ ಅಲ್ಲ ಮಾರಾಯ್ತಿ. ಅವಳ ಹಸಿರು ಕೋಟು! ಬೊಂಬೆಗೆ ತೊಡಿಸಿ ನಿಲ್ಸಿದಾರೆ. ಹೂವು ತರೋಕೆ ಹೋಗ್ತಾ ಇದ್ದೆ, ತಲೆ ಎತ್ತಿದ್ರೆ ಡಲ್ಸಿ. 'ಏನೇ, ಇಲ್ಲೇನ್ ಮಾಡ್ತಿದೀಯ' ಅಂತ ಕೇಳೇಬಿಟ್ಟೆ ನಾನು. ನಡುಬೀದೀಲಿ, ಗಟ್ಟಿಯಾಗಿ!"

ಎನಿಡ್ ಚಾಕು ಕೆಳಗಿಟ್ಟಳು. ಗೋಡೆ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಒಂದು ಗಂಟೆಗೆ ಡಲ್ಸಿ ಪ್ಯಾಸ್ಕೋಳ ಅಂತ್ಯಪ್ರಾರ್ಥನೆ. ಅದು ಮುಗಿದ ಮೇಲೆ ಶವಪೆಟ್ಟಿಗೆ ಹೊತ್ತ ಕಾರು ದೊಡ್ಡಬೀದಿಯಲ್ಲಿ ನಿಧಾನವಾಗಿ ಸಾಗಿ, ಸತ್ತವರು ದುಡಿದ ಜಾಗದ ಎದುರು ಒಂದು ನಿಮಿಷ ನಿಂತು, ಆಮೇಲೆ ಸ್ಮಶಾನದ ಕಡೆ ತಿರುಗುವುದು ನಮ್ಮ ಪೋರ್ಟ್ ಕಾರ್ನಿಯಲ್ಲಿ ಹಿಂದಿನಿಂದ ನಡೆದುಬಂದ ಕ್ರಮ. ಡಲ್ಸಿ ಮೂವತ್ತೊಂದು ವರ್ಷ ದುಡಿದದ್ದು ಅದೇ ಹಳೇಬಟ್ಟೆ ಅಂಗಡಿಯಲ್ಲಿ, ಅದೂ ಸಂಬಳವಿಲ್ಲದೆ. ಪೆಟ್ಟಿಗೆಯ ಹಿಂದಿನ ಕಾರಿನಲ್ಲಿ ಅವಳ ಗಂಡ ಮರ್ವ್ ಕೂತಿರುತ್ತಾನೆ.

ಮರ್ವ್‌ನ ತಲೆಯಲ್ಲಿ ಆರೇಳು ತಿಂಗಳಿಂದ ದಿನಗಳು ಕಲಸಿಹೋಗಿದ್ದವು. ಹೆಂಡತಿ ಸತ್ತಿದ್ದಾಳೆಂದು ಈ ವಾರದಲ್ಲಿ ಅವನಿಗೆ ಹತ್ತು ಸಲ ಹೇಳಿ ಆಗಿತ್ತು. ಹತ್ತು ಸಲವೂ ಅವನು ಹೊಸದಾಗಿ ಅತ್ತಿದ್ದ. ಹೆಸರು, ಮುಖ, ವಾರ ಎಲ್ಲ ಮರೆತರೂ ಆ ಹಸಿರು ಕೋಟನ್ನು ಮಾತ್ರ ಅವನು ಮರೆತಿರಲಿಲ್ಲ. ಎಲ್ಲಿ ದಾರಿ ತಪ್ಪಿದರೂ ಕಣ್ಣಲ್ಲೇ ಅದನ್ನು ಹುಡುಕಿ ಅದರ ಹಿಂದೆ ನಡೆಯುತ್ತಿದ್ದ. ಇವತ್ತು ಗಾಜಿನ ಹಿಂದೆ ಅದು ಕಂಡರೆ ಓಡುತ್ತಿರುವ ಕಾರಿನಿಂದಲೂ ಇಳಿದುಬಿಟ್ಟಾನು.

"ಆ ಕೋಟು ಈ ಊರಲ್ಲಿ ಓಡಾಡ್ಕೂಡ್ದು. ನಾನು ಮಾತು ಕೊಟ್ಟಿದೀನಿ," ಎಂದಳು ಎನಿಡ್. ಏಪ್ರನ್ ಬಿಚ್ಚದೆ, ಪರ್ಸ್ ತೆಗೆದುಕೊಳ್ಳದೆ ಹಾಗೇ ಬೀದಿಗೆ ಇಳಿದಳು.

ಅದು ಡಲ್ಸಿಯೇ ಆಗಿತ್ತು. ಎನಿಡ್‌ಳಿಗೂ ಒಂದು ಕ್ಷಣ ಹಾಗೇ ಕಂಡಿತು. ಬೊಂಬೆಗೆ ತಲೆ ಇರಲಿಲ್ಲ, ಕೈ ಇರಲಿಲ್ಲ. ಆದರೆ ಕೋಟಿನ ಎಡಭುಜ ಕೆಳಗೆ ಜಾರಿತ್ತು. ಮೂರು ದಶಕ ಎಡಗೈಯಲ್ಲಿ ಬಟ್ಟೆಯ ಚೀಲ ಹೊತ್ತು ಡಲ್ಸಿಯ ಎಡಭುಜ ತಗ್ಗಿತ್ತು, ಅವಳ ಮೈಯ ವಾಲು ಉಣ್ಣೆಗೂ ಇಳಿದಿತ್ತು. ಪ್ಲಾಸ್ಟಿಕ್ಕಿನ ನೆಟ್ಟನೆಯ ಬೊಂಬೆಯ ಮೇಲೂ ಕೋಟು ಅವಳ ಹಾಗೇ ವಾಲಿಕೊಂಡು, ಬೀದಿಯಲ್ಲಿ ಯಾರನ್ನೋ ಕಾಯುತ್ತ ನಿಂತಿತ್ತು.

*

ಮೂವತ್ತೊಂದು ವರ್ಷದ ಹಿಂದೆ ಡಲ್ಸಿ ಆ ಅಂಗಡಿಗೆ ಹೊಸಬಳು. ದಾನ ಬಂದ ಬಟ್ಟೆಯನ್ನು ವಿಂಗಡಿಸಿ, ಗುಂಡಿ ಹಾಕಿ, ಇಸ್ತ್ರಿ ಮಾಡಿ ನೇತುಹಾಕುವ ಕೆಲಸ. ಬಂದ ಮೂರನೇ ವಾರ ಒಂದು ಚೆಂದದ ಕಂದು ಜಾಕೀಟು ಬಂತು. ಬಟ್ಟೆ ಗಟ್ಟಿಯಿದೆಯಲ್ಲ ಎಂದು ಖುಷಿಯಿಂದ ಎದುರಿಗೇ ತೂಗುಹಾಕಿದಳು. ಮೀನು ಹಿಡಿಯಲು ಬಂದ ಪರವೂರಿನವನೊಬ್ಬ ಅದನ್ನು ಕೊಂಡು, ಅಲ್ಲೇ ತೊಟ್ಟು ಹೊರಟುಹೋದ.

ಅದು ಹಿಂದಿನ ತಿಂಗಳು ಸತ್ತಿದ್ದ ಜ್ಯಾಕ್ ಬ್ರೇಯ ಜಾಕೀಟು. ಅವನ ಹೆಂಡತಿ ಐವಿ ರೊಟ್ಟಿ ತರಲು ಹೊರಟವಳು ಬೀದಿಯ ಆಚೆ ಗಂಡನ ಬೆನ್ನು ಕಂಡಳು. ರೊಟ್ಟಿ ಮರೆತಳು. ಬೆನ್ನಿನ ಹಿಂದೆ ನಡೆದಳು. ಕಡಲೊಳಕ್ಕೆ ಚಾಚಿದ ಜೆಟ್ಟಿಯ ಉದ್ದಕ್ಕೂ ನಡೆದಳು. ಊರಿನ ಅರ್ಧ ಜನ ನೋಡುತ್ತಿದ್ದರು, ಯಾರಿಗೂ ಏನೆಂದು ತಿಳಿಯಲಿಲ್ಲ. ತುದಿಯಲ್ಲಿ ಆ ಮನುಷ್ಯ ಗಾಳ ಬಿಚ್ಚಲು ತಿರುಗಿದ.

ಅವಳನ್ನು ಮನೆಗೆ ಕರೆತಂದದ್ದು ಡಲ್ಸಿಯೇ. ಐವಿ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದಳು. "ತಿರುಗಿದ ಕಣಮ್ಮ. ತಿರುಗಿದ. ಆದ್ರೆ ಮುಖ ಅವರದ್ದಲ್ಲ." ಅದಾದ ಮೇಲೆ ಬದುಕಿರುವ ತನಕ ಅವಳು ಯಾರ ಬೆನ್ನನ್ನೂ ನೋಡಲಾರದೆ ಬೀದಿಯಲ್ಲಿ ತಲೆ ತಗ್ಗಿಸಿ ನಡೆದಳು.

ಡಲ್ಸಿ ಅಂಗಡಿಗೆ ಮರಳಿ ಬಂದು, ಬಿಳಿ ಲಾಡಿಯ ಒಂದು ಸುರುಳಿ ಕೊಂಡಳು. ಅವತ್ತಿನಿಂದ ಊರಿನಲ್ಲಿ ಯಾರು ಸತ್ತರೂ ಅವರ ಬಟ್ಟೆಯ ಚೀಲಕ್ಕೆ ಬಿಳಿ ಲಾಡಿ ಬಿತ್ತು. ಬಿಳಿ ಲಾಡಿಯ ಚೀಲ ಇಲ್ಲಿ ಬಿಚ್ಚುವಂತಿರಲಿಲ್ಲ. ಪ್ರತಿ ತಿಂಗಳ ಮೊದಲ ಗುರುವಾರ ಮರ್ವ್ ಅವನ್ನು ವ್ಯಾನಿಗೆ ಹಾಕುತ್ತಿದ್ದ. ಡಲ್ಸಿ ವ್ಯಾನಿನ ತಗಡಿಗೆ ಉಂಗುರದಿಂದ ಎರಡು ಸಲ ಟಕ್ ಟಕ್ ಎಂದು ಕುಟ್ಟಿದರೆ ಹೊರಡು ಎಂದು ಅರ್ಥ. ಎನಿಡ್ ಕೂಡ ಜೊತೆಗೆ. ನಲವತ್ತು ಮೈಲಿ ಆಚೆಯ ವಿಲ್ಲಾರಾ ಊರಿನ ಅಂಗಡಿಯ ಹಿಂಬಾಗಿಲಲ್ಲಿ ಚೀಲ ಇಳಿಸಿ, ಅವರ ಬಿಳಿ ಲಾಡಿಯ ಚೀಲಗಳನ್ನು ತುಂಬಿಕೊಂಡು ಬರುವುದು. ನಮ್ಮ ಸತ್ತವರು ಅಲ್ಲಿ ಓಡಾಡಿದರು, ಅವರ ಸತ್ತವರು ಇಲ್ಲಿ ಓಡಾಡಿದರು. ಯಾರ ಗುರುತೂ ಯಾರಿಗೂ ಇಲ್ಲವಾದ್ದರಿಂದ ಎಲ್ಲರೂ ನೆಮ್ಮದಿಯಾಗಿದ್ದರು. ಡಲ್ಸಿಯ ಹಸಿರು ಕೋಟು ಕೂಡ ವಿಲ್ಲಾರಾದ ಚೀಲದಿಂದಲೇ ಬಂದದ್ದು. ಯಾರದೆಂದು ಅವಳು ಕೇಳಲಿಲ್ಲ.

ಚೀಲ ಕಟ್ಟುವಾಗ ಅವಳದೊಂದು ತಕರಾರು ಯಾವಾಗಲೂ ಇರುತ್ತಿತ್ತು.

"ಏನೇ ನಿನ್ನ ಗಂಟು! ದನ ಕಟ್ತಿದೀಯೇನೇ? ಬಿಚ್ಚೋರಿಗೆ ಹಲ್ಲು ಬೇಕು."

"ಸಡಿಲ ಬಿಟ್ರೆ ದಾರೀಲಿ ಬಿಚ್ಚೋಗುತ್ತೆ ಡಲ್ಸ್."

"ಬಿಚ್ಚೋಗಲ್ಲ. ಅವರೇನ್ ಆಚೆ ಬರ್ಬೇಕು ಅಂತ ಕಾಯ್ತಿದಾರಾ?"

ಎನಿಡ್‌ಳ ಗಂಟು ಕೊನೆತನಕ ಬಿಗಿಯಾಗಿಯೇ ಉಳಿಯಿತು.

*

ಅಂಗಡಿಯೊಳಗೆ ಎಂದಿನ ರಂಪ ನಡೆದಿತ್ತು. ಎರಡು ವರ್ಷದ ಹಿಂದೆ ಅಂಗಡಿ ನಡೆಸುವ ದತ್ತಿ ಸಂಸ್ಥೆಯವರು ಅಡಿಲೇಡ್‌ನಿಂದ ಹೊಸ ವ್ಯವಸ್ಥೆ ತಂದಿದ್ದರು. ಬೆಲೆ ಕಂಪ್ಯೂಟರ್ ಹೇಳುತ್ತದೆ. ಒಳ್ಳೆಯ ಸಾಮಾನು ನಗರಕ್ಕೆ ಹೋಗುತ್ತದೆ. ಹಿಂದಿನ ಕೋಣೆಯಿಂದ ಕುರ್ಚಿಗಳನ್ನು ತೆಗೆಸಿದರು, ಕೂತರೆ ಕೆಲಸ ನಿಧಾನವಾಗುತ್ತದಂತೆ. ಟೀ ಕೆಟಲ್‌ಗೆ ಬೆಲೆ ಚೀಟಿ ಅಂಟಿಸಿ ಮಾರಿಬಿಟ್ಟರು. ಹದಿನಾಲ್ಕು ಜನ ಬಿಟ್ಟಿ ದುಡಿಯುತ್ತಿದ್ದ ಕಡೆ ಈಗ ಐದು ಜನ ಉಳಿದಿದ್ದರು. ಬಿಳಿ ಲಾಡಿಯ ಚೀಲ ನಿಂತುಹೋಗಿ ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ಊರಿನವರು ಒಬ್ಬೊಬ್ಬರಾಗಿ ತಮ್ಮ ಸತ್ತವರನ್ನು ಬೀದಿಯಲ್ಲಿ ಕಂಡರು. ಕ್ಷೌರದಂಗಡಿಯವನು ಅಪ್ಪನ ಟೋಪಿಯನ್ನು ಪಬ್‌ನಲ್ಲಿ ಕಂಡು ಗ್ಲಾಸು ಬೀಳಿಸಿದ. ಅಂಗಡಿಗೆ ಬಂದು ಕೇಳಿದರೆ ಬೇಕಾದರೆ ಅದನ್ನು ಕೊಂಡವರ ಹತ್ತಿರ ಕೇಳಿ ಎಂದು ಉತ್ತರ ಬಂತು.

ಕ್ಲೆಮ್ ಮುದುಕ ಒಂದು ಬಿರುಕು ಬಿಟ್ಟ ಲೋಟ ಎತ್ತಿ ಹಿಡಿದು ಮ್ಯಾನೇಜರ್ ಟ್ಯಾರಿನ್‌ಳ ಮುಂದೆ ನಿಂತಿದ್ದ.

"ಆರು ಡಾಲರ್! ಎದುರಂಗಡೀಲಿ ಹೊಸದು ನಾಲ್ಕಕ್ಕೆ ಸಿಗುತ್ತೆ ಕಣಮ್ಮ. ಬಿರುಕಿಗೆ ಎರಡು ಡಾಲರ್ ಜಾಸ್ತಿನಾ?"

"ಬೆಲೆ ನಾನು ಇಡಲ್ಲ ಸಾರ್. ನನ್ನ ಹತ್ರ ಕೂಗಾಡಿ ಏನ್ ಪ್ರಯೋಜನ?"

"ಮತ್ತೆ ಯಾರ ಹತ್ರ ಕೂಗಾಡ್ಲಿ? ಅವರ ಫೋನ್‌ಗೆ ಮಾಡಿದ್ರೆ ನಲವತ್ತು ನಿಮಿಷ ಸಂಗೀತ ಕೇಳಿಸ್ತಾರೆ."

ಎನಿಡ್ ಅವನನ್ನು ದಾಟಿ ಮುಂದೆ ಬಂದಳು. "ಟ್ಯಾರಿನ್, ಕಿಟಕೀಲಿರೋ ಕೋಟು ತೆಗಿ."

ಟ್ಯಾರಿನ್‌ಗೆ ಇಪ್ಪತ್ತೊಂಬತ್ತು ವರ್ಷ. ಕೆಟ್ಟವಳಲ್ಲ. ಆದರೆ ಎರಡು ವರ್ಷದಲ್ಲಿ ಊರಿನಲ್ಲಿ ಯಾರೂ ಅವಳನ್ನು ಊಟಕ್ಕೆ ಕರೆದಿರಲಿಲ್ಲ. "ಕಿಟಕಿ ಇವತ್ತು ಬೆಳಿಗ್ಗೆ ತಾನೇ ಸಿಂಗರಿಸಿದ್ದು ಎನಿಡ್, ಶುಕ್ರವಾರದ ತನಕ ಬದಲಾಯಿಸೋ ಹಾಗಿಲ್ಲ. ಫೋಟೋ ತೆಗೆದು ಮೇಲಿನವರಿಗೆ ಕಳ್ಸಿ ಆಗಿದೆ."

"ಅದು ಡಲ್ಸೀದು."

"ಗೊತ್ತಿರಲಿಲ್ಲ ನಂಗೆ. ನಾನವರನ್ನ ಆ ಕೋಟಲ್ಲಿ ನೋಡೇ ಇಲ್ಲ. ನಾನು ನೋಡೋವಾಗೆಲ್ಲ ಏಪ್ರನ್ ಹಾಕ್ಕೊಂಡು ಒಳಗಿರ್ತಿದ್ರು." ಟ್ಯಾರಿನ್ ದನಿ ತಗ್ಗಿಸಿದಳು. "ಅವರ ಯಜಮಾನ್ರೇ ತಂದ್ಕೊಟ್ರು. ಗುರುವಾರ ಬೆಳಿಗ್ಗೆ, ಹಿಂಬಾಗಿಲಿಗೆ. ನೀವು ಅವತ್ತು ಬಂದಿರಲಿಲ್ಲ. ಚೀಲಕ್ಕೆ ಏನೋ ಬಿಳಿ ದಾರ ಸುತ್ತಿತ್ತು. ಕತ್ತರಿಸಿದೆ."

ಡಲ್ಸಿ ಸತ್ತದ್ದು ಅದಕ್ಕೆ ಮೂರು ದಿನ ಮೊದಲು, ಸೋಮವಾರ.

"ಏನಂದ ಮರ್ವ್?"

"'ಬೆಳಿಗ್ಗೆ ಎದ್ದ ತಕ್ಷಣ ಡಲ್ಸಿ ಹೇಳಿದ್ಲು, ಇದು ವಿಲ್ಲಾರಾಗೆ ಹೋಗ್ಬೇಕಂತೆ' ಅಂದ್ರು. ನಾನು, ಪಾಪ, ಏನೋ ಮರೆವು ಅಂತ..."

ಕ್ಲೆಮ್ ಲೋಟವನ್ನು ಮೆಲ್ಲಗೆ ಶೆಲ್ಫಿನಲ್ಲಿಟ್ಟ.

"ನಾನೇ ತಗೋತೀನಿ ಅದನ್ನ," ಎಂದಳು ಎನಿಡ್.

"ನೀವು ಇಲ್ಲಿ ಕೆಲಸ ಮಾಡೋರು. ಇಟ್ಟು ಏಳು ದಿನ ಆಗೋ ತನಕ ಕೆಲಸದವರು ಏನೂ ಕೊಳ್ಳೋ ಹಾಗಿಲ್ಲ. ನಿಯಮ ನಿಮಗೂ ಗೊತ್ತು. ನಾನು ಕೊಟ್ರೆ ನನ್ನ ಕೆಲಸ ಹೋಗುತ್ತೆ. ಮೇಲೆ ಕ್ಯಾಮೆರಾ ಇದೆ ನೋಡಿ."

ಎನಿಡ್ ತಲೆಯೆತ್ತಿ ಕ್ಯಾಮೆರಾ ನೋಡಿದಳು. ಅದನ್ನು ಅವಳು ಚೆನ್ನಾಗಿಯೇ ಬಲ್ಲಳು.

*

ಎಂಟು ತಿಂಗಳ ಹಿಂದೆ, ಹಿತ್ತಲಲ್ಲಿದ್ದ ಅಂಥದೇ ಇನ್ನೊಂದು ಕಣ್ಣು ಮರ್ವ್‌ನ ವ್ಯಾನಿಗೆ ಚೀಲ ಏರುವುದನ್ನು ಕಂಡಿತ್ತು. ನಗರದಿಂದ ಒಬ್ಬ ಸಾಹೇಬರು ಬಂದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೇಜು ಹಾಕಿಸಿ, ಡಲ್ಸಿಯನ್ನೂ ಎನಿಡ್‌ಳನ್ನೂ ಎದುರಿಗೆ ನಿಲ್ಲಿಸಿದರು. ಕುರ್ಚಿ ಒಂದೇ ಇತ್ತು, ಅದರಲ್ಲಿ ಅವರು ಕೂತಿದ್ದರು.

"ಸಂಸ್ಥೆಯ ಸ್ವತ್ತನ್ನ ಅನುಮತಿ ಇಲ್ಲದೆ ಸಾಗಿಸಿದೀರಿ. ಎಷ್ಟು ದಿನದಿಂದ?"

"ಮೂವತ್ತು ವರ್ಷ ಆಯ್ತಪ್ಪ," ಎಂದಳು ಡಲ್ಸಿ.

"ಏನಿತ್ತು ಅದರಲ್ಲಿ?"

"ಸತ್ತವರು."

ಸಾಹೇಬರು ಪೆನ್ನು ಕೆಳಗಿಟ್ಟರು. ಆಮೇಲೆ ಎನಿಡ್ ಕಡೆ ತಿರುಗಿದರು. "ಈ ಚೀಲಗಳ ವಿಷಯ ನಿಮಗೇನಾದ್ರೂ ಗೊತ್ತಾ?"

ಗಂಡ ಹೋದ ಮೇಲೆ ಎನಿಡ್‌ಳಿಗೆ ಹೋಗಲು ಇದ್ದದ್ದು ಆ ಅಂಗಡಿ ಒಂದೇ. ಮಂಗಳವಾರ, ಗುರುವಾರ. ಉಳಿದ ಐದು ದಿನ ಅವಳು ಆ ಎರಡು ದಿನಗಳಿಗಾಗಿ ಕಾಯುತ್ತಿದ್ದಳು.

"ನಂಗೇನೂ ಗೊತ್ತಿಲ್ಲ," ಎಂದಳು.

ಡಲ್ಸಿ ಅವಳನ್ನು ನೋಡಲೂ ಇಲ್ಲ. ಕೊರಳಿಗೆ ಲಾಡಿಯಲ್ಲಿ ನೇತುಹಾಕಿಕೊಂಡಿದ್ದ ಕತ್ತರಿ ತೆಗೆದು ಮೇಜಿನ ಮೇಲಿಟ್ಟು ಹೊರಟಳು. ಮರುವಾರದಿಂದ, ಮಳೆಯಿರಲಿ ಗಾಳಿಯಿರಲಿ, ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಹಸಿರು ಕೋಟು ತೊಟ್ಟು ಬಂದು ಅಂಗಡಿಯ ಹಿಂಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ಮರಳುತ್ತಿದ್ದಳು. ಟ್ಯಾರಿನ್ ಆ ಹೊತ್ತಿಗೆ ಮುಂದಿನ ಕೌಂಟರಿನಲ್ಲಿರುತ್ತಿದ್ದಳು. ಹಿಂದಿನ ಕೋಣೆಯ ಕಿಟಕಿಯಿಂದ ಅವಳನ್ನು ಕಂಡ ಎನಿಡ್ ಇಸ್ತ್ರಿ ಪೆಟ್ಟಿಗೆಯನ್ನು ಒಂದೇ ಅಂಗಿಯ ಮೇಲೆ ಹಿಂದೆ ಮುಂದೆ ಆಡಿಸುತ್ತಿದ್ದಳು. ಬಾಗಿಲು ತೆರೆಯುವ ಧೈರ್ಯ ಒಂದು ದಿನವೂ ಬರಲಿಲ್ಲ.

ಕಳೆದ ತಿಂಗಳು ಡಲ್ಸಿಯೇ ಕರೆಸಿಕೊಂಡಳು. ಅವಳ ಅಡುಗೆಮನೆಯಲ್ಲಿ ಟೀ ಆರುತ್ತಿತ್ತು. ಹಿತ್ತಲಲ್ಲಿ ಮರ್ವ್ ತಲೆಯ ಮೇಲಿದ್ದ ಟೋಪಿಯನ್ನೇ ಹುಡುಕುತ್ತಿದ್ದ.

"ಎನಿಡ್, ನಾನು ಹೋದ್ಮೇಲೆ ನನ್ನ ಚೀಲಕ್ಕೆ ಲಾಡಿ ಕಟ್ಟಿ ವಿಲ್ಲಾರಾಗೆ ತಲುಪ್ಸು. ಮುಖ್ಯವಾಗಿ ಆ ಕೋಟು. ಅದು ಇಲ್ಲಿ ಓಡಾಡಿದ್ರೆ ಅವನು ಅದರ ಹಿಂದೇನೇ ಹೋಗ್ತಾನೆ. ಎಲ್ಲಿಗೆ ಹೋದ್ರೂ ಹೋಗ್ತಾನೆ."

"ಆಯ್ತು ಡಲ್ಸ್."

"ಸಡಿಲವಾಗಿ ಕಟ್ಟು."

ಎನಿಡ್ ಆ ದಿನದ ಮಾತೆತ್ತಲು ಬಾಯಿ ತೆರೆದಳು. ಅಷ್ಟರಲ್ಲಿ ಮರ್ವ್ ಟೋಪಿ ಸಿಕ್ಕಿತೆಂದು ಕೂಗಿಕೊಂಡು ಒಳಗೆ ಬಂದ. ಡಲ್ಸಿ ಎದ್ದು ಅವನ ಬೂಟಿನ ದಾರ ಕಟ್ಟಲು ಬಗ್ಗಿದಳು. ಹೇಳಬೇಕಾದದ್ದು ಹಾಗೇ ಉಳಿದುಹೋಯಿತು.

*

ಎನಿಡ್ ಕೌಂಟರಿನ ಹಿಂದೆ ಹೋಗಿ, ಗೋಡೆಯ ಕೊಕ್ಕೆಯಿಂದ ತನ್ನ ಹೆಸರಿನ ಬಿಲ್ಲೆ ತೆಗೆದಳು. ಅದನ್ನು ಟ್ಯಾರಿನ್‌ಳ ಮುಂದಿಟ್ಟಳು.

"ಈಗ ನಾನು ಗಿರಾಕಿ. ಇನ್ನೊಂದ್ ಮಾತು, ಆ ಕ್ಯಾಮೆರಾಗೂ ಕೇಳ್ಲಿ. ಚೀಲಗಳ ವಿಷ್ಯ ನಂಗೆ ಗೊತ್ತಿತ್ತು. ಅರ್ಧ ಚೀಲ ಕಟ್ಟಿದ್ದೇ ನಾನು. ನಿಮ್ಮ ಸಾಹೇಬರಿಗೆ ಬರೆದು ಕಳ್ಸು."

ಟ್ಯಾರಿನ್ ಬಿಲ್ಲೆಯನ್ನೇ ನೋಡುತ್ತ ನಿಂತಳು. "ಎನಿಡ್, ಇದೆಲ್ಲ ಬೇಕಾ? ನೀವೂ ಹೋದ್ರೆ ನಾನೊಬ್ಳೇ..." ಎಂದವಳು ತಡೆದು, "ಕಿಟಕಿ ಫೋಟೋ ಹೋಗಲಿ ಬಿಡಿ," ಎಂದು ತಾನೇ ಕಿಟಕಿಯೊಳಗೆ ಹತ್ತಿ ಬೊಂಬೆಯ ಮೈಯಿಂದ ಕೋಟು ಬಿಚ್ಚಿದಳು. ಯಂತ್ರ ಬೆಲೆ ಹೇಳಿತು. ತೊಂಬತ್ತು.

"ಅಯ್ಯೋ! ಅವಳು ನಾಲ್ಕಕ್ಕೆ ತಗೊಂಡಿದ್ದು. ಇಪ್ಪತ್ತು ವರ್ಷ ಹಾಕಿದ್ಮೇಲೆ ತೊಂಬತ್ತಾ?" ಎಂದ ಕ್ಲೆಮ್. ಎನಿಡ್ ಏಪ್ರನ್ನಿನ ಜೇಬು ತಡಕಿದಳು. ಅಲ್ಲಿ ಒದ್ದೆ ಕರವಸ್ತ್ರ ಮಾತ್ರ ಇತ್ತು. ಕ್ಲೆಮ್ ಗೊಣಗುತ್ತಲೇ ತನ್ನ ಪರ್ಸ್ ತೆಗೆದ. "ಈ ಅಂಗಡಿಗೆ ಕಾಸು ಬಿಚ್ಚೋದು ಅಂದ್ರೆ ಹೊಟ್ಟೆ ಉರಿಯುತ್ತೆ. ಡಲ್ಸಿ ನಂಗೆ ಪ್ರತಿ ಚಳಿಗಾಲ ಕಾಲುಚೀಲ ಎತ್ತಿಡ್ತಿದ್ಲು. ತಗೋ."

ಕಳವು ತಡೆಯಲೆಂದು ತೋಳಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಬಿಲ್ಲೆ ಬರಲಿಲ್ಲ. ಅದನ್ನು ತೆಗೆಯುವ ಸಾಧನ ಕೆಟ್ಟು ಎರಡು ತಿಂಗಳಾಗಿತ್ತು. ಹೊಸದನ್ನು ನಗರದವರು ಇನ್ನೂ ಕಳಿಸಿರಲಿಲ್ಲ. ಎನಿಡ್ ಬಿಲ್ಲೆ ಸಮೇತ ಕೋಟನ್ನು ಚರ್ಚ್ ಹಾಲಿಗೆ ಒಯ್ದು ಚೀಲಕ್ಕೆ ತುಂಬಿ, ಪರ್ಸಿನಲ್ಲಿ ಅದಕ್ಕೆಂದೇ ಇಟ್ಟುಕೊಂಡಿದ್ದ ಬಿಳಿ ಲಾಡಿಯಿಂದ ಬಾಯಿ ಬಿಗಿದಳು. ಹಳೇ ಅಭ್ಯಾಸಕ್ಕೆ ಗಂಟಿನ ಮೇಲೆ ಗಂಟು ಬಿತ್ತು. ಪೊರಕೆ ಇಡುವ ಬೀರುವಿನಲ್ಲಿ ಚೀಲ ಇಟ್ಟು ಬಾಗಿಲು ಹಾಕಿದಳು. ನಾಳೆ ಬೆಳಗಿನ ಬಸ್ಸಿಗೆ ವಿಲ್ಲಾರಾ. ಅಷ್ಟಾದರೆ ಕೊಟ್ಟ ಮಾತು ಉಳಿದಂತೆ.

ಪ್ರಾರ್ಥನೆ ಇಪ್ಪತ್ತೈದು ನಿಮಿಷದಲ್ಲಿ ಮುಗಿಯಿತು. ಪಾದ್ರಿಗಳು ಡಲ್ಸಿಯ ಬಗ್ಗೆ ಹೇಳಲು ಹೆಚ್ಚೇನೂ ಸಿಕ್ಕದೆ ಅವಳ ನಿಂಬೆಹಣ್ಣಿನ ಕೇಕನ್ನು ಎರಡು ಸಲ ಹೊಗಳಿದರು. ನಡುವೆ ಒಮ್ಮೆ ಮರ್ವ್ ಗಟ್ಟಿಯಾಗಿ, "ಡಲ್ಸಿ ಎಲ್ಲಿ? ಶುರು ಮಾಡ್ಬಿಟ್ರಲ್ಲ," ಎಂದ.

ಕಾರು ಅಂಗಡಿಯ ಎದುರು ನಿಂತಿತು. ಎನಿಡ್ ಮರ್ವ್‌ನ ಪಕ್ಕ ಕೂತು ಅವನ ಕೈ ಹಿಡಿದಿದ್ದಳು. ಕಿಟಕಿಯಲ್ಲಿ ಬೊಂಬೆ ಬೆತ್ತಲೆ ನಿಂತಿತ್ತು. ಸದ್ಯ, ಎಂದುಕೊಂಡಳು. ಅದೇ ಹೊತ್ತಿಗೆ ಮರ್ವ್ ಅವಳ ಹಿಡಿತದಿಂದ ಕೈ ಬಿಡಿಸಿಕೊಂಡು ಕಿಟಕಿಯತ್ತ ಬೀಸಿದ. ಬೊಂಬೆಗಲ್ಲ. ಬೊಂಬೆಯಿಂದ ಒಂದು ಮಾರು ಆಚೆ, ಅಂಗಡಿಯ ಹಿಂಬಾಗಿಲಿಗೆ ಹೋಗುವ ಓಣಿಯ ಬಾಯಿಗೆ. ಅಲ್ಲಿ ಯಾರೂ ಇರಲಿಲ್ಲ.

"ಯಾರಿಗೆ ಮರ್ವ್, ಕೈ ಬೀಸಿದ್ದು?"

"ಬರ್ತಾಳೆ," ಎಂದ ಮರ್ವ್ ಸಮಾಧಾನದಿಂದ. "ಅವಳ ಕೆಲಸ ಮುಗೀಲಿ."

*

ಮಣ್ಣು ಹಾಕಿ ಬಂದು ಎಲ್ಲರೂ ಚರ್ಚ್ ಹಾಲಿನಲ್ಲಿ ಸೇರಿದ್ದರು. ಸ್ಯಾಂಡ್‌ವಿಚ್ ಖಾಲಿಯಾಗುತ್ತ ಬಂದ ಹಾಗೆ ಮಾತು ಡಲ್ಸಿಯನ್ನು ಬಿಟ್ಟು ಸಂಸ್ಥೆಯ ಕಡೆಗೆ ಹೊರಳಿತ್ತು. ಇನ್ನು ಮೇಲೆ ಆ ಅಂಗಡಿಗೆ ಒಂದು ಚಿಂದಿಯನ್ನೂ ಕೊಡಬಾರದು ಎಂದು ಕ್ಷೌರದಂಗಡಿಯವನು ಹೇಳುತ್ತಿದ್ದ. ಆಗ ಕೋರಲ್ ಟೀ ಜಗ್ಗು ಹಿಡಿದೇ ಬಂದು ಎನಿಡ್‌ಳ ತೋಳು ಹಿಂಡಿದಳು.

"ಮರ್ವ್ ಇಲ್ಲ ಕಣೇ. ಈಗ ಇಲ್ಲೇ ಕೂತಿದ್ದ. ಟೀ ಬಗ್ಗಿಸೋಕೆ ತಿರುಗಿದೆ ಅಷ್ಟೇ."

ಅವನು ಜೆಟ್ಟಿಯಲ್ಲಿ ಸಿಕ್ಕಿದ. ಜೆಟ್ಟಿಯ ನಡುವೆ ಹಿಂದೆ ದೋಣಿ ಹತ್ತಲು ಇದ್ದ ಪಾಚಿಗಟ್ಟಿದ ಮೆಟ್ಟಿಲುಗಳ ಮೇಲೆ, ನೀರಿನಿಂದ ಎರಡೇ ಮೆಟ್ಟಿಲು ಮೇಲೆ ಕೂತಿದ್ದ. ಮಧ್ಯಾಹ್ನದ ಉಬ್ಬರ ಏರುತ್ತಿತ್ತು. ದಕ್ಷಿಣದ ಗಾಳಿಗೆ ಅಲೆ ಬಂದು ಅವನ ಕಪ್ಪು ಬೂಟುಗಳನ್ನು ಮುಳುಗಿಸಿ ಹೋಗುತ್ತಿತ್ತು. ಕ್ಲೆಮ್ ಕಂಬಿ ಹಿಡಿದು ಬಗ್ಗಿ ಕರೆಯುತ್ತಿದ್ದ.

"ಮೇಲೆ ಬಾರೋ ಮಾರಾಯ. ಒದ್ದೆ ಆಗ್ತಿದೀಯ."

"ಡಲ್ಸಿ ಬರ್ಲಿ. ಇವತ್ತು ಗುರುವಾರ. ಇಬ್ರೂ ಒಟ್ಟಿಗೆ ಹೋಗ್ತೀವಿ."

"ಗುರುವಾರ ಅಲ್ಲ ಕಣೋ, ಮಂಗಳವಾರ."

ಯಾರಾದರೂ ಮೆಟ್ಟಿಲಿಗೆ ಕಾಲಿಟ್ಟರೆ ಅವನು ಒಂದು ಮೆಟ್ಟಿಲು ಕೆಳಗೆ ಸರಿಯುತ್ತಿದ್ದ. ಈಗ ಉಳಿದದ್ದು ಒಂದೇ ಮೆಟ್ಟಿಲು. ಪೊಲೀಸರು ಬರಲು ಇನ್ನೂ ಅರ್ಧ ಗಂಟೆ ಬೇಕು.

ಎನಿಡ್ ಹಾಲಿಗೆ ಓಡಿದಳು. ಎಪ್ಪತ್ತೆರಡರ ಕಾಲು ಎಷ್ಟು ಓಡಬಹುದೋ ಅಷ್ಟು. ಬೀರು ತೆರೆದು ಚೀಲ ಎಳೆದುಕೊಂಡಳು. ಗಂಟು ಬಿಚ್ಚಲಿಲ್ಲ. ಉಗುರು ಮುರಿಯಿತು. ಅಡುಗೆಮನೆಯಲ್ಲಿ ಆಗ ಯಾರೂ ಇರಲಿಲ್ಲ, ಬಾಗಿಲು ಮುಚ್ಚಿತ್ತು. ಕೊನೆಗೆ ನೆಲದ ಮೇಲೆ ಮಂಡಿಯೂರಿ, ಲಾಡಿಯನ್ನು ಬಾಯಲ್ಲಿ ಕಚ್ಚಿ, ಹಲ್ಲಿನಿಂದ ಗಂಟು ಬಿಡಿಸಿದಳು. ಅಳು ಬಂತು. ಅಳುತ್ತಲೇ ಕೋಟು ತೊಟ್ಟಳು.

ಕೋಟು ಬೆಚ್ಚಗಿತ್ತು. ಬೀರುವಿನ ಚಳಿಯಲ್ಲಿ ಮೂರು ಗಂಟೆ ಇದ್ದ ಬಟ್ಟೆ ಆಗತಾನೆ ಯಾರೋ ಬಿಚ್ಚಿಕೊಟ್ಟಂತಿತ್ತು. ತೊಟ್ಟ ಕೂಡಲೇ ಅವಳ ಎಡಭುಜ ತಾನಾಗಿ ತಗ್ಗಿತು.

ಜೆಟ್ಟಿಯ ಬಾಯಲ್ಲಿ ಸೇರಿದ್ದ ಜನ ದಾರಿ ಬಿಟ್ಟರು. ಒಬ್ಬರು ಶಿಲುಬೆಯ ಗುರುತು ಹಾಕಿಕೊಂಡರು. ಎನಿಡ್ ಐವಿ ಬ್ರೇಯನ್ನು ನೆನೆದಳು. ಅವನು ಮುಖ ನೋಡಬಾರದು, ಏನಾದರೂ ಆಗಲಿ ತಿರುಗಬಾರದು. ಕಾಲರ್ ಎತ್ತಿ, ಮುಖವನ್ನು ಆಚೆ ಕಡಲಿನ ಕಡೆಗೆ ಹೊರಳಿಸಿ, ಮೆಟ್ಟಿಲ ತನಕ ನಡೆದಳು. ಅಲ್ಲಿ ಅವನಿಗೆ ಬೆನ್ನು ಮಾಡಿ ನಿಂತಳು. ಬೆರಳಿನ ಉಂಗುರದಿಂದ ಕಬ್ಬಿಣದ ಕಂಬಿಗೆ ಕುಟ್ಟಿದಳು. ಟಕ್ ಟಕ್.

ಕೆಳಗೆ ನೀರು ಕಲಕಿದ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಒದ್ದೆ ಬೂಟುಗಳ ಸದ್ದು, ಒಂದಾದ ಮೇಲೊಂದು, ಮೇಲಕ್ಕೆ. ಎನಿಡ್ ನಡೆಯತೊಡಗಿದಳು. ಬೂಟುಗಳು ಹಿಂದೆ ಬಂದವು. ಕ್ಲೆಮ್ ಸ್ವಲ್ಪ ದೂರ ಬಿಟ್ಟುಕೊಂಡು ಅವರ ಹಿಂದೆ ಬಂದ, ಹತ್ತಿರ ಬರಲಿಲ್ಲ.

ಜೆಟ್ಟಿ ಮುಗಿಯಿತು. ದೊಡ್ಡಬೀದಿ ಶುರುವಾಯಿತು. ಮರ್ವ್‌ನ ಮನೆಗೆ ಅಂಗಡಿಯ ಮುಂದೆಯೇ ಹೋಗಬೇಕು. ಈ ಕೋಟು ಊರಿನಲ್ಲಿ ನಡೆಯಬಾರದೆಂದು ಮಾತು ಕೊಟ್ಟವಳೇ ಅದನ್ನು ತೊಟ್ಟು ಹಾಡಹಗಲಲ್ಲಿ ನಡೆಯುತ್ತಿದ್ದಳು. ಬಾಗಿಲುಗಳಲ್ಲಿ ಜನ ಬಂದು ನಿಂತರು. ಅವಳು ಯಾರನ್ನೂ ನೋಡಲಿಲ್ಲ.

ಹಿಂದೆ ಮರ್ವ್ ಮಾತಾಡುತ್ತಿದ್ದ. ಮೊದಲು ಅವಳಿಗೆ ಕೇಳಿಸಲಿಲ್ಲ. ತನ್ನ ಹತ್ತಿರವೇ ಇರಬೇಕೆಂದುಕೊಂಡಳು. ಆಮೇಲೆ ಗಾಳಿ ಸ್ವಲ್ಪ ತಗ್ಗಿತು.

"ಎನಿಡ್‌ಗೂ ಚೆನ್ನಾಗೇ ಒಪ್ಪುತ್ತೆ, ಅಲ್ವೇನೇ?"

ಎನಿಡ್‌ಳ ಕಾಲು ತೊಡರಿತು. ಆದರೂ ತಿರುಗಲಿಲ್ಲ.

ಮರ್ವ್ ಒಂದು ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಸುಮ್ಮನಿದ್ದು, ಮೆಲ್ಲಗೆ ನಕ್ಕ. "ಹೌದು ಹೌದು. ತೋಳಲ್ಲಿ ಬಿಲ್ಲೆ ಇನ್ನೂ ನೇತಾಡ್ತಿದೆ. ಅವಳಿಗೆ ಮರೆತೇಹೋಗಿದೆ." ಮತ್ತೆ ಸುಮ್ಮನಾದ. "ಆಯ್ತು ಮಾರಾಯ್ತಿ, ಹೇಳ್ತೀನಿ. ಈಗ್ಲೇ ಹೇಳ್ತೀನಿ."

ಆಮೇಲೆ ದನಿ ಎತ್ತಿ ಕರೆದ.

"ಎನಿಡ್! ಡಲ್ಸಿ ಹೇಳ್ತಿದಾಳೆ, ಗಂಟನ್ನ ಅಷ್ಟು ಬಿಗಿಯಾಗಿ ಹಾಕ್ಬಾರ್ದಂತೆ. ನೋಡು ಹಲ್ಲಲ್ಲಿ ಬಿಚ್ಬೇಕಾಯ್ತು ಅಂತಾಳೆ. ಮಿಕ್ಕಿದ್ದೆಲ್ಲ ಹೋಗ್ಲಿ ಬಿಡು ಅಂತಾಳೆ."

ಎನಿಡ್ ಅಂಗಡಿಯ ಕಿಟಕಿಯ ಮುಂದೆ ಬಂದಿದ್ದಳು. ಒಳಗೆ ಬೆತ್ತಲೆ ಬೊಂಬೆ. ಗಾಜಿನಲ್ಲಿ ಹಸಿರು ಕೋಟು ತೊಟ್ಟ ತಾನು, ಎಡಕ್ಕೆ ವಾಲಿಕೊಂಡು. ತನ್ನ ಹಿಂದೆ, ಮಂಡಿಯ ತನಕ ಒದ್ದೆಯಾದ ಪ್ಯಾಂಟಿನ ಮರ್ವ್. ಅವನು ಎಡಗೈಯನ್ನು ಮಡಚಿ ಮೈಯಿಂದ ಸ್ವಲ್ಪ ಆಚೆ ಇಟ್ಟುಕೊಂಡು, ಪಕ್ಕದವರ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ನಿಧಾನವಾಗಿ ಬರುತ್ತಿದ್ದ. ಮಡಚಿದ ಆ ಮೊಣಕೈಯ ಬಳಿ ಅವನ ಕರಿ ಜಾಕೀಟಿನ ಬಟ್ಟೆ, ನಾಲ್ಕು ಬೆರಳಿನಗಲಕ್ಕೆ, ಒಳಕ್ಕೆ ಒತ್ತಿಕೊಂಡಿತ್ತು.